ತುಮಕೂರಿನಲ್ಲಿ ಮನೆಯಾಚೆ ಗಾಡಿಗೆ ಚಾರ್ಜ್: ಯಾವ ಗನ್ನು, ಯಾವ ಜಾಗ, ಎಷ್ಟು ಹಣ

ಫೋನಿನ ನಕ್ಷೆಯಲ್ಲಿ ಇವಿ (ಎಲೆಕ್ಟ್ರಿಕ್ ವಾಹನ) ಚಾರ್ಜಿಂಗ್ ಎಂದು ಹುಡುಕಿದರೆ ತುಮಕೂರಿನ ಮೇಲೆ ಸಾಕಷ್ಟು ಗುರುತುಗಳು ಮೂಡುತ್ತವೆ. ಅವನ್ನು ನೋಡಿ ಧೈರ್ಯ ತಂದುಕೊಂಡು ಕಾರನ್ನು ಮನೆಗೆ ತಂದವರು ಮೊದಲ ತಿಂಗಳಲ್ಲೇ ಒಂದೆರಡು ಸಲ ಬೆಪ್ಪಾಗುವುದುಂಟು. ಆ ಗುರುತುಗಳಲ್ಲಿ ಕೆಲವು ಸ್ಕೂಟರಿಗೆ ಮಾತ್ರ ಸೇರಿದವು, ಕೆಲವು ಷೋರೂಮಿನ ಬಾಗಿಲು ತೆರೆದಿರುವಷ್ಟು ಹೊತ್ತು ಮಾತ್ರ ಸಿಗುವಂಥವು, ಕೆಲವು ಈಗಿನ ಕಾರುಗಳಿಗೆ ಕೂಡದ ಹಳೆಯ ಗನ್ನಿನವು (ಕೇಬಲ್ಲಿನ ತುದಿಯಲ್ಲಿ, ಗಾಡಿಗೆ ಹಚ್ಚುವ ಹಿಡಿಕೆಯೇ ಗನ್ನು), ಇನ್ನು ಕೆಲವು ನಕ್ಷೆಯಲ್ಲಷ್ಟೇ ಜೀವಂತವಾಗಿರುವಂಥವು. ಬೆಂಗಳೂರಿನಲ್ಲಾದರೆ ಒಂದು ಕೆಟ್ಟಿದ್ದರೆ ಮುಂದಿನ ಸಿಗ್ನಲ್ ದಾಟಿ ಇನ್ನೊಂದಕ್ಕೆ ಹೋಗಬಹುದು. ನಮ್ಮ ಊರಿನಲ್ಲಿ ಆ ಇನ್ನೊಂದು ಕ್ಯಾತ್ಸಂದ್ರದ ಕಡೆಯಿಂದ ಶಿರಾ ಗೇಟಿನ ಕಡೆಗೆ ಓಡಿಸಿಕೊಂಡು ಹೋಗಬೇಕಾದಷ್ಟು ದೂರದಲ್ಲಿರಬಹುದು. ಆದ್ದರಿಂದ ಊರಿನಲ್ಲಿ ಒಟ್ಟು ಎಷ್ಟು ಚಾರ್ಜರ್‌ಗಳಿವೆ ಎಂಬ ಲೆಕ್ಕಕ್ಕಿಂತ, ನಿಮ್ಮ ಗಾಡಿಗೆ ಹೊಂದುವ, ನೀವೇ ಒಮ್ಮೆ ಹಚ್ಚಿ ನೋಡಿರುವ, ಅಲ್ಲಿನ ಕೆಲಸದವರ ಫೋನ್ ನಂಬರ್ ನಿಮ್ಮ ಬಳಿ ಇರುವ ನಾಲ್ಕು ಜಾಗಗಳು ಹೆಚ್ಚು ಬೆಲೆಯುಳ್ಳವು. ಆ ನಾಲ್ಕನ್ನು ಗುರುತಿಸಿಕೊಳ್ಳುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗಾಡಿಯ ಬಾಯಿ ನೋಡಿ

ಈಗ ಮಾರಾಟದಲ್ಲಿರುವ ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳ ಚಾರ್ಜಿಂಗ್ ಮುಚ್ಚಳ ತೆರೆದರೆ ಮೇಲ್ಭಾಗದಲ್ಲಿ ಏಳು ರಂಧ್ರಗಳ ದುಂಡನೆಯ ಬಾಯಿಯೂ ಅದರ ಕೆಳಗೆ ಎರಡು ದಪ್ಪ ರಂಧ್ರಗಳೂ ಕಾಣುತ್ತವೆ. ಮೇಲಿನದು ಟೈಪ್ 2, ಅಂದರೆ ಎಸಿ ವಿದ್ಯುತ್ತಿನ ನಿಧಾನದ ಚಾರ್ಜಿಂಗಿಗೆ; ಮೇಲಿನದೂ ಕೆಳಗಿನದೂ ಸೇರಿದರೆ ಸಿಸಿಎಸ್ 2, ಅಂದರೆ ಡಿಸಿ ವಿದ್ಯುತ್ತಿನ ವೇಗದ ಚಾರ್ಜಿಂಗಿಗೆ. ಕೆಳಗಿನ ಎರಡು ರಂಧ್ರಗಳೇ ಇಲ್ಲದ ಕಾರುಗಳೂ ಇವೆ; ಎಂಜಿ ಕಾಮೆಟ್ ಮೊದಲು ಬಂದಾಗ ಡಿಸಿ ಸೌಲಭ್ಯವಿಲ್ಲದೆ ಬಂದಿತ್ತು. ಅಂಥ ಕಾರನ್ನು ಹೆದ್ದಾರಿಯ 60 ಕಿಲೋವ್ಯಾಟ್ ಯಂತ್ರದ ಮುಂದೆ ನಿಲ್ಲಿಸಿದರೆ ಯಾವ ಪ್ರಯೋಜನವೂ ಇಲ್ಲ.

ಹಳೆಯ ಸರ್ಕಾರಿ ಚಾರ್ಜರ್‌ಗಳ ವಿಷಯದಲ್ಲಿ ಎಚ್ಚರ ಬೇಕು. ದೇಶದಲ್ಲಿ ಸಾರ್ವಜನಿಕ ಚಾರ್ಜಿಂಗ್ ಶುರುವಾದ ಕಾಲದಲ್ಲಿ ಭಾರತ್ ಎಸಿ-001, ಭಾರತ್ ಡಿಸಿ-001 ಎಂಬ ಎರಡು ಬಗೆಯ ಯಂತ್ರಗಳನ್ನು ಹಾಕಲಾಗಿತ್ತು. ಮೊದಲನೆಯದರಲ್ಲಿ ಮೂರು ದಪ್ಪ ಕೈಗಾರಿಕಾ ಸಾಕೆಟ್‌ಗಳಿದ್ದು ಒಂದೊಂದೂ 3.3 ಕಿಲೋವ್ಯಾಟ್ ಕೊಡುತ್ತದೆ. ಎರಡನೆಯದು 15 ಕಿಲೋವ್ಯಾಟಿನದು. ಅದರ ಗನ್ನು ಸಿಸಿಎಸ್ 2 ಬಾಯಿಗೆ ಕೂಡುವುದೇ ಇಲ್ಲ. ಆ್ಯಪಿನಲ್ಲಿ ‘ಡಿಸಿ ಫಾಸ್ಟ್’ ಎಂದಿದೆಯೆಂದು ಹೋಗಿ ಬರಿಗೈಯಲ್ಲಿ ಮರಳಬಾರದು ಎಂದರೆ, ಹೊರಡುವ ಮುನ್ನ ಗನ್ನಿನ ಹೆಸರನ್ನು ಓದಿ, ಸಾಧ್ಯವಾದರೆ ಚಿತ್ರವನ್ನೂ ನೋಡಿ.

ಸ್ಕೂಟರ್‌ಗಳ ಜಗತ್ತು ಇನ್ನೂ ಚದುರಿದೆ. ಸ್ಕೂಟರ್ ಕಂಪನಿ ಏಥರ್ ರೂಪಿಸಿದ ಕನೆಕ್ಟರಿಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಮನ್ನಣೆ ನೀಡಿತು, ಹೀರೊದ ವಿಡಾ ಸ್ಕೂಟರ್‌ಗಳೂ ಅದನ್ನೇ ಬಳಸುತ್ತವೆ. ಹೀಗಾಗಿ ಆ ಎರಡು ಬ್ರ್ಯಾಂಡಿನವರು ಒಂದೇ ವೇಗದ ಚಾರ್ಜರ್ ಹಂಚಿಕೊಳ್ಳಬಹುದು. ಓಲಾದ ವ್ಯವಸ್ಥೆ ಅದರದೇ. ಉಳಿದ ಸ್ಕೂಟರ್‌ಗಳಲ್ಲಿ ಬಹುತೇಕವಕ್ಕೆ ಜೊತೆಗೆ ಬಂದ ಪೋರ್ಟಬಲ್ ಚಾರ್ಜರೇ ಗತಿ, ಅದಕ್ಕೆ ಬೇಕಾದದ್ದು ಒಂದು ಸರಿಯಾದ ಪ್ಲಗ್ ಪಾಯಿಂಟ್. ಸ್ಕೂಟರ್ ಇರುವವರಿಗೆ ನನ್ನ ಸಲಹೆ ಇಷ್ಟೇ: ವೇಗದ ಚಾರ್ಜರಿನ ಬೆನ್ನು ಹತ್ತುವುದಕ್ಕಿಂತ, ಕೆಲಸದ ಜಾಗದಲ್ಲಿ ಒಂದು 15 ಆಂಪ್ ಪಾಯಿಂಟಿಗೆ ಮಾಲೀಕರ ಒಪ್ಪಿಗೆ ಪಡೆದುಕೊಳ್ಳಿ. 3 ಯೂನಿಟ್ಟಿನ ಬ್ಯಾಟರಿಯನ್ನು ಖಾಲಿಯಿಂದ ತುಂಬಿಸಿದರೂ ಅವರ ಮೀಟರಿನಲ್ಲಿ ಓಡುವುದು ಮೂರೂವರೆ ಯೂನಿಟ್ಟಿನ ಆಸುಪಾಸು. ತಿಂಗಳಿಗೊಮ್ಮೆ ಲೆಕ್ಕ ಮಾಡಿ ಹಣ ಕೊಟ್ಟರೆ ಯಾರಿಗೂ ಭಾರವಲ್ಲ.

ಊರಿನಲ್ಲಿ ಎಲ್ಲೆಲ್ಲಿ ಹುಡುಕಬೇಕು

ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ, ಅದಕ್ಕೆ ಪರವಾನಗಿ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿತು. ಹೋಟೆಲಿನವರು, ಬಂಕಿನವರು, ಷೋರೂಮಿನವರು, ಕಲ್ಯಾಣ ಮಂಟಪದವರು ಯಾರು ಬೇಕಾದರೂ ಯಂತ್ರ ಕೂರಿಸಲು ಸಾಧ್ಯವಾದದ್ದು ಹಾಗೆ; ಒಂದೊಂದು ಜಾಗದ ನಿರ್ವಹಣೆಯೂ ಒಂದೊಂದು ಥರ ಇರುವುದಕ್ಕೂ ಅದೇ ಕಾರಣ. ನಗರಗಳಲ್ಲಿ 3 ಕಿ.ಮೀ. ಉದ್ದ 3 ಕಿ.ಮೀ. ಅಗಲದ ಪ್ರತಿ ಚೌಕಕ್ಕೊಂದು, ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 25 ಕಿ.ಮೀ.ಗೊಂದು ಸ್ಟೇಷನ್ ಇರಬೇಕು ಎಂದು ಅದೇ ವರ್ಷ ಹೊರಟ ಮಾರ್ಗಸೂಚಿ ಹೇಳಿತು. ಅದು ಗುರಿ; ಗುರಿಯನ್ನು ನಂಬಿ ಹೊರಡಬಾರದು.

ನಮ್ಮ ಊರಿಗೆ ಅನ್ವಯಿಸಿ ಹೇಳುವುದಾದರೆ, ಕಾರಿಗೆ ಬೇಕಾದ ವೇಗದ ಚಾರ್ಜರ್‌ಗಳನ್ನು ಮೊದಲು ರಾಷ್ಟ್ರೀಯ ಹೆದ್ದಾರಿ 48ರ ಅಂಚಿನ ಬಂಕ್ ಮತ್ತು ಹೋಟೆಲ್‌ಗಳಲ್ಲಿ ಹುಡುಕಿ. ಅಲ್ಲಿ ಬೆಂಗಳೂರು, ಚಿತ್ರದುರ್ಗಗಳ ನಡುವೆ ಓಡಾಡುವ ವಾಹನಗಳಿಂದ ಯಂತ್ರಕ್ಕೆ ದಿನವೂ ಕೆಲಸ ಸಿಗುತ್ತದೆ, ಕೆಲಸವಿರುವ ಯಂತ್ರ ಕೆಟ್ಟರೆ ಮಾಲೀಕನಿಗೇ ತಕ್ಷಣ ನಷ್ಟವಾಗುವುದರಿಂದ ರಿಪೇರಿಯೂ ಬೇಗ ಆಗುತ್ತದೆ. ಆದರೆ ಹೆದ್ದಾರಿಯಲ್ಲಿ ‘300 ಮೀಟರ್’ ಎಂದು ಆ್ಯಪ್ ತೋರಿಸುವ ಜಾಗ ಡಿವೈಡರಿನ ಆಚೆ ಬದಿಯಲ್ಲಿದ್ದರೆ, ಸರ್ವಿಸ್ ರಸ್ತೆ ಹಿಡಿದು, ಮುಂದಿನ ಅಂಡರ್‌ಪಾಸ್ ಸುತ್ತಿ, ಕೆಲವೊಮ್ಮೆ ಟೋಲನ್ನೂ ದಾಟಿ ಬರಬೇಕಾದೀತು. ಆದ್ದರಿಂದ ಬೆಂಗಳೂರಿಗೆ ಹೋಗುವ ಬದಿಯದು ಯಾವುದು, ಶಿರಾ ಕಡೆಗೆ ಹೋಗುವ ಬದಿಯದು ಯಾವುದು ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಬೆಳಗಿನ ಹೊತ್ತಿನಲ್ಲಿ ಕ್ಯಾತ್ಸಂದ್ರದ ಸುತ್ತ ಚಾರ್ಜ್ ಮಾಡಿಕೊಳ್ಳುವಂತೆ ಪ್ರಯಾಣ ಹೊಂದಿಸಿಕೊಂಡರೆ ತಟ್ಟೆ ಇಡ್ಲಿಗೆ ಸಾಲಿನಲ್ಲಿ ನಿಲ್ಲುವ ಸಮಯವೂ ವ್ಯರ್ಥವಾಗುವುದಿಲ್ಲ.

ನಗರದೊಳಗೆ, ಬಿ.ಎಚ್. ರಸ್ತೆಯಂಥ ಮುಖ್ಯ ರಸ್ತೆಗಳಲ್ಲಿ, ವಾಹನ ಷೋರೂಮುಗಳ ಅಂಗಳವನ್ನು ವಿಚಾರಿಸಿ. ಅಲ್ಲಿ ಮೂರು ಪ್ರಶ್ನೆ ಕೇಳಬೇಕು: ಬೇರೆ ಬ್ರ್ಯಾಂಡಿನ ಗಾಡಿಗೂ ಕೊಡುತ್ತೀರಾ, ಭಾನುವಾರ ಗೇಟು ತೆರೆದಿರುತ್ತದೆಯೇ, ರಾತ್ರಿ ಎಷ್ಟು ಹೊತ್ತಿನವರೆಗೆ. ಬೆಸ್ಕಾಂ ವ್ಯಾಪ್ತಿಯ ಎಂಟು ಜಿಲ್ಲೆಗಳಲ್ಲಿ ತುಮಕೂರೂ ಒಂದು. ರಾಜ್ಯದಲ್ಲಿ ಇವಿ ಚಾರ್ಜಿಂಗ್ ವ್ಯವಸ್ಥೆಗೆ ನೋಡಲ್ ಸಂಸ್ಥೆಯೂ ಬೆಸ್ಕಾಮೇ. ಅದರ ‘ಇವಿ ಮಿತ್ರ’ ಆ್ಯಪನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಅದರ ಜೊತೆಗೆ ನೀವು ಆರಿಸಿದ ನಾಲ್ಕು ಜಾಗಗಳಿಗೆ ಸೇರಿದ ಕಂಪನಿಗಳ ಆ್ಯಪ್‌ಗಳು ಸಾಕು. ಕಂಡಕಂಡ ಆ್ಯಪ್‌ಗಳ ವ್ಯಾಲೆಟ್ಟಿಗೆಲ್ಲ ಇನ್ನೂರು ಮುನ್ನೂರು ಹಾಕಿಟ್ಟರೆ ಹಣ ಅಲ್ಲಲ್ಲೇ ಹಂಚಿಹೋಗಿ ಬೇಕಾದಾಗ ಯಾವುದರಲ್ಲೂ ಸಾಲದೆ ಬರುತ್ತದೆ.

ಆ್ಯಪ್ ‘ಲಭ್ಯ’ ಎಂದು ತೋರಿಸಿದರೆ ಅದರ ಅರ್ಥ ಯಂತ್ರ ಇಂಟರ್ನೆಟ್ಟಿಗೆ ಕೂಡಿಕೊಂಡಿದೆ, ಯಾರೂ ಗನ್ನು ಹಚ್ಚಿಲ್ಲ ಎಂದಷ್ಟೇ. ಅದರ ಮುಂದೆ ಯಾರೋ ಡೀಸೆಲ್ ಕಾರು ನಿಲ್ಲಿಸಿ ಊಟಕ್ಕೆ ಹೋಗಿರುವುದು ಆ್ಯಪಿಗೆ ತಿಳಿಯುವುದಿಲ್ಲ. ಇತ್ತೀಚಿನ ಬಳಕೆದಾರರ ಟಿಪ್ಪಣಿಯ ದಿನಾಂಕ ನೋಡಿ. ಕಳೆದ ವಾರ ಯಾರೋ ಚಾರ್ಜ್ ಮಾಡಿಕೊಂಡಿದ್ದರೆ ಭರವಸೆ ಇಡಬಹುದು. ಎಲ್ಲಕ್ಕಿಂತ ಮೇಲು, ಫೋನ್ ಮಾಡಿ ಕೇಳುವುದು.

ಸಮಯ ಮತ್ತು ಹಣದ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. 30 ಕಿಲೋವ್ಯಾಟ್ ಅವರ್, ಅಂದರೆ 30 ಯೂನಿಟ್ ಬ್ಯಾಟರಿಯ ಕಾರು. ಚಾರ್ಜ್ 20 ಪ್ರತಿಶತಕ್ಕೆ ಇಳಿದಿದೆ, 80ಕ್ಕೆ ಏರಿಸಬೇಕು. ಅಂದರೆ ಬ್ಯಾಟರಿಗೆ 18 ಯೂನಿಟ್ ಬೇಕು. 30 ಕಿಲೋವ್ಯಾಟ್ ಕೊಡುವ ಡಿಸಿ ಯಂತ್ರದಲ್ಲಿ ಇದಕ್ಕೆ 40 ನಿಮಿಷದ ಆಸುಪಾಸು, 7.4 ಕಿಲೋವ್ಯಾಟಿನ ಎಸಿ ಗೋಡೆ ಯಂತ್ರದಲ್ಲಿ ಎರಡೂವರೆ ಗಂಟೆಗಿಂತ ತುಸು ಹೆಚ್ಚು, 15 ಆಂಪ್ ಪ್ಲಗ್ಗಿನಲ್ಲಿ ಆರೇಳು ಗಂಟೆ ಹಿಡಿಯುತ್ತದೆ. ಯಂತ್ರದ ಮೇಲೆ 60 ಎಂದು ಬರೆದಿದ್ದರೂ ಕಾರಿನ ಮಿತಿ 30 ಆಗಿದ್ದರೆ 30ಕ್ಕಿಂತ ಹೆಚ್ಚು ಒಳಗೆ ಹೋಗದು. ಎರಡು ಗನ್ನಿನ ಯಂತ್ರಗಳಲ್ಲಿ ಪಕ್ಕದಲ್ಲಿ ಇನ್ನೊಂದು ಕಾರು ಬಂದು ಹಚ್ಚಿದ ಕೂಡಲೇ ನಿಮ್ಮ ಪಾಲು ಅರ್ಧಕ್ಕೆ ಇಳಿಯುವುದೂ ಉಂಟು. ಎಸಿ ಚಾರ್ಜಿಂಗಿನಲ್ಲಿ ಕಾರಿನ ಒಳಗಿರುವ ಚಾರ್ಜರಿನ ಸಾಮರ್ಥ್ಯವೇ ಮಿತಿ, ಅದು 3.3 ಆಗಿದ್ದರೆ 7.4ರ ಗೋಡೆ ಯಂತ್ರವೂ ನಿಮಗೆ 3.3ರದೇ.

80 ದಾಟಿದ ಮೇಲೆ ಬ್ಯಾಟರಿಯ ರಕ್ಷಣೆಗಾಗಿ ಕಾರೇ ವೇಗವನ್ನು ತಗ್ಗಿಸುತ್ತದೆ. ಕೊನೆಯ 20 ಪ್ರತಿಶತಕ್ಕೆ ಅದಕ್ಕೆ ಮೊದಲಿನ 40 ಪ್ರತಿಶತದಷ್ಟು ಸಮಯ ಬೇಕಾದೀತು. ಹಿಂದೆ ಇನ್ನೊಬ್ಬರು ಕಾಯುತ್ತಿರುವಾಗ 100ರ ಆಸೆಗೆ ಕೂರುವುದು ಲೆಕ್ಕದಲ್ಲೂ ತಪ್ಪು, ಮರ್ಯಾದೆಯಲ್ಲೂ ತಪ್ಪು. ತುಂಬಿಸಲೇಬೇಕಾದ ದಿನ ಮನೆಯಲ್ಲಿ ರಾತ್ರಿ ಹಚ್ಚಿಡಿ.

ಸಾರ್ವಜನಿಕ ಡಿಸಿ ಚಾರ್ಜಿಂಗಿನ ದರ ಸಾಮಾನ್ಯವಾಗಿ ಯೂನಿಟ್ಟಿಗೆ 15ರಿಂದ 25 ರೂಪಾಯಿಯ ನಡುವೆ ಇರುತ್ತದೆ, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ ಬೀಳುತ್ತದೆ. ಕೆಲವು ಆ್ಯಪ್‌ಗಳು ತೆರಿಗೆ ಸೇರಿಸಿ ದರ ತೋರಿಸುತ್ತವೆ, ಕೆಲವು ಸೇರಿಸದೆ ತೋರಿಸುತ್ತವೆ. 20 ರೂಪಾಯಿ ದರದಲ್ಲಿ ನಮ್ಮ 18 ಯೂನಿಟ್ಟಿಗೆ 360, ತೆರಿಗೆ ಸೇರಿದರೆ 424 ರೂಪಾಯಿ 80 ಪೈಸೆ. ಯೂನಿಟ್ಟಿಗೆ ಆರೂವರೆ ಕಿ.ಮೀ. ಓಡಿದರೆ 117 ಕಿ.ಮೀ.; ಅಂದರೆ ಕಿ.ಮೀ.ಗೆ ಸುಮಾರು 3 ರೂಪಾಯಿ 60 ಪೈಸೆ. ಅದೇ ಚಾರ್ಜನ್ನು ಮನೆಯಲ್ಲಿ ಮಾಡಿದರೆ, ಚಾರ್ಜ್ ಮಾಡುವಾಗ ಪೋಲಾಗುವುದೂ ಸೇರಿ ಮೀಟರಿನಲ್ಲಿ ಇಪ್ಪತ್ತು ಚಿಲ್ಲರೆ ಯೂನಿಟ್ ಓಡಿದರೂ, ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ 125ರ ಒಳಗೆ ಮುಗಿಯುತ್ತದೆ. ಮೂರು ಪಟ್ಟಿಗೂ ಮೀರಿದ ವ್ಯತ್ಯಾಸ.

ಹಾಗಾದರೆ ಯಾವಾಗಲೂ ಮನೆಯೇ ಅಗ್ಗವೇ? ಗೃಹಜ್ಯೋತಿ ಪಡೆಯುತ್ತಿರುವ ಮನೆಗಳಲ್ಲಿ ಇದಕ್ಕೊಂದು ಅಪವಾದವಿದೆ, ಮತ್ತು ಇದನ್ನು ಗಾಡಿ ಮಾರುವವರು ಹೇಳುವುದಿಲ್ಲ. ಆ ಯೋಜನೆಯಲ್ಲಿ ನಿಮಗೆ ಗೊತ್ತುಮಾಡಿದ ಅರ್ಹ ಯೂನಿಟ್ಟುಗಳವರೆಗೆ ಬಿಲ್ಲಿಲ್ಲ. ಅದನ್ನು ದಾಟಿ 200ರೊಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ನಿಮ್ಮ ಅರ್ಹತೆ 132 ಯೂನಿಟ್ ಎಂದಿಟ್ಟುಕೊಳ್ಳಿ. ತಿಂಗಳ ಬಳಕೆ 190ಕ್ಕೆ ನಿಂತರೆ 58 ಯೂನಿಟ್ಟಿಗೆ ಸುಮಾರು 350 ರೂಪಾಯಿ. ಅದೇ 210ಕ್ಕೆ ಹೋದರೆ 210ಕ್ಕೂ ಸೇರಿ 1,260 ರೂಪಾಯಿ, ಮೇಲೆ ನಿಗದಿತ ಶುಲ್ಕ. ಕೊನೆಯ 20 ಯೂನಿಟ್ಟಿಗೆ ನೀವು 900 ರೂಪಾಯಿಗಿಂತ ಹೆಚ್ಚು ತೆತ್ತಂತಾಯಿತು, ಅಂದರೆ ಯೂನಿಟ್ಟಿಗೆ 45. ಆ ವಾರ ಹೆದ್ದಾರಿಯ 25 ರೂಪಾಯಿಯ ಚಾರ್ಜರ್ ಕೂಡ ಲಾಭವೇ. ನಾನು ಪ್ರತಿ ತಿಂಗಳು ಮೀಟರ್ ರೀಡಿಂಗ್ ಬರುವುದಕ್ಕೆ ಹತ್ತು ದಿನ ಮುಂಚೆ ಮೀಟರಿನ ಫೋಟೊ ತೆಗೆದುಕೊಂಡು, 200ರ ಗೆರೆಗೆ ಎಷ್ಟು ದೂರವಿದ್ದೇವೆ ಎಂದು ನೋಡಿ, ಉಳಿದ ದಿನ ಎಲ್ಲಿ ಹಚ್ಚಬೇಕೆಂದು ತೀರ್ಮಾನಿಸುತ್ತೇನೆ. ಮನೆಯವರು ನಗುತ್ತಾರೆ, ಬಿಲ್ಲು ಬಂದಾಗ ಸುಮ್ಮನಾಗುತ್ತಾರೆ.

ಯಂತ್ರದ ಮುಂದೆ

ಮೊದಲ ಸಲ ಹಗಲಿನಲ್ಲಿ, 40 ಪ್ರತಿಶತಕ್ಕಿಂತ ಹೆಚ್ಚು ಚಾರ್ಜ್ ಇರುವಾಗ, ಅವಸರವಿಲ್ಲದ ದಿನ ಹೋಗಿ. ಕಾರನ್ನು ಪೂರ್ತಿ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ. ಡಿಸಿ ಗನ್ನು ಭಾರವಾಗಿರುತ್ತದೆ, ಅದರ ಕೇಬಲ್ಲು ಇನ್ನೂ ಭಾರ. ಒಂದು ಕೈಯಿಂದ ಕೇಬಲ್ಲನ್ನು ಎತ್ತಿ ಹಿಡಿದು ಇನ್ನೊಂದು ಕೈಯಿಂದ ನೇರವಾಗಿ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಕೇಬಲ್ಲಿನ ಭಾರ ಗನ್ನನ್ನು ಕೆಳಕ್ಕೆ ಜಗ್ಗಿ ಸಂಪರ್ಕ ಸಡಿಲವಾಗುವುದೇ ಮೊದಲ ಸಲದವರ ಅರ್ಧ ತೊಂದರೆಗೆ ಕಾರಣ. ಆಮೇಲೆ ಯಂತ್ರದ ಮೇಲಿನ ಕ್ಯೂಆರ್ ಕೋಡನ್ನು ಆ್ಯಪಿನಿಂದ ಸ್ಕ್ಯಾನ್ ಮಾಡಿ, ಗನ್ನಿನ ನಂಬರ್ ಸರಿಯಾಗಿ ಆರಿಸಿ, ಯೂನಿಟ್ ಲೆಕ್ಕದಲ್ಲೋ ಹಣದ ಲೆಕ್ಕದಲ್ಲೋ ಮಿತಿ ಹಾಕಿ ಶುರು ಮಾಡಿ. ಕಾರೂ ಯಂತ್ರವೂ ಪರಸ್ಪರ ಮಾತಾಡಿಕೊಂಡು, ಇನ್ಸುಲೇಷನ್ ಪರೀಕ್ಷಿಸಿಕೊಳ್ಳಲು ಅರ್ಧ ನಿಮಿಷ ಹಿಡಿಯುತ್ತದೆ. ಒಳಗೆ ಕಾಂಟ್ಯಾಕ್ಟರ್ (ದೊಡ್ಡ ಸ್ವಿಚ್ಚು) ಬಡಿದ ಸದ್ದು, ನಂತರ ಫ್ಯಾನಿನ ಗುಂಯ್‌ಗುಡುವಿಕೆ ಕೇಳಿದರೆ ಕರೆಂಟು ಹರಿಯುತ್ತಿದೆ ಎಂದರ್ಥ. ಪರದೆಯ ಮೇಲೆ ಕಿಲೋವ್ಯಾಟ್ ಸಂಖ್ಯೆ ಏರುವವರೆಗೆ ಅಲ್ಲೇ ನಿಂತಿರಿ. ಇಡ್ಲಿ ಎರಡು ನಿಮಿಷ ತಡವಾದರೂ ಆದೀತು.

ಹೊರಡುವಾಗ ಮೊದಲು ಆ್ಯಪಿನಲ್ಲಿ ನಿಲ್ಲಿಸಿ, ಕಾರಿನ ಬಾಗಿಲು ಅನ್‌ಲಾಕ್ ಮಾಡಿ, ಆಮೇಲೆ ಗನ್ನು ಎಳೆಯಿರಿ. ಲಾಕ್ ಬಿಡದ ಗನ್ನನ್ನು ಜಗ್ಗಾಡಿದರೆ ಕಾರಿನ ಬಾಯಿ ಹಾಳಾಗುತ್ತದೆ. ಗನ್ನನ್ನು ನೆಲದ ಮೇಲೆ ಬಿಡದೆ ಅದರ ಗೂಡಿನಲ್ಲೇ ಇಟ್ಟು ಹೋಗಿ. ಗನ್ನಿನೊಳಗೆ ಹೊಕ್ಕ ಕೆಂಪು ಮಣ್ಣು ಮುಂದಿನವರ ಕಾರಿಗೆ ಹೋಗುತ್ತದೆ. ಗಾಜಿನ ಒಳಗೆ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಟ್ಟರೆ ಕಾಯುವವರು ಕರೆಯಬಹುದು.

ಹೋಟೆಲಿನಲ್ಲೋ ನೆಂಟರ ಮನೆಯಲ್ಲೋ 15 ಆಂಪ್ ಪ್ಲಗ್ಗಿಗೆ ಹಚ್ಚುವಾಗ ಪೋರ್ಟಬಲ್ ಚಾರ್ಜರಿನಲ್ಲಿ ಕೆಂಪು ದೀಪ ಉರಿದು ‘ಅರ್ಥ್ ಫಾಲ್ಟ್’ ಎಂದರೆ ಬಹುಮಟ್ಟಿಗೆ ತಪ್ಪು ಗಾಡಿಯದಲ್ಲ, ಕಟ್ಟಡದ್ದು. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ನಮ್ಮ ಕಡೆಯ ಬೇಸಿಗೆಗೆ ಒಣಗಿ ಬಿರಿದಿರುತ್ತದೆ. ಎರಡು ಬಿಂದಿಗೆ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸರಿಹೋಗದಿದ್ದರೆ ಹಚ್ಚಬೇಡಿ. ನ್ಯೂಟ್ರಲನ್ನೂ ಅರ್ಥನ್ನೂ ಸೇರಿಸಿ ಯಂತ್ರವನ್ನು ಏಮಾರಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೈಮುಗಿದು ಬೇಡವೆನ್ನಿ. ಗಾಡಿಯ ಮೈಗೆ ಕರೆಂಟು ಬರುವ ದಾರಿ ಅದು. ಎಕ್ಸ್‌ಟೆನ್ಷನ್ ಬಾಕ್ಸನ್ನೂ ಬಳಸಬೇಡಿ. ಅರ್ಧ ಗಂಟೆಯ ನಂತರ ಪ್ಲಗ್ಗನ್ನು ಮುಟ್ಟಿ ನೋಡಿ, ಬೆಚ್ಚಗಿದ್ದರೆ ಸರಿ, ಕೈ ಸುಡುವಂತಿದ್ದರೆ ನಿಲ್ಲಿಸಿ.

ಯಂತ್ರ ಕೈಕೊಟ್ಟಾಗ

ಒಮ್ಮೆ ಚಿತ್ರದುರ್ಗದಿಂದ ಬರುವಾಗ ರಾತ್ರಿ ಒಂಬತ್ತು ದಾಟಿತ್ತು, ಕಾರಿನಲ್ಲಿ 14 ಪ್ರತಿಶತ ಉಳಿದಿತ್ತು. ನಂಬಿದ್ದ ಬಂಕಿನ ಚಾರ್ಜರಿನ ಪರದೆ ಕಪ್ಪಗಿತ್ತು. ಹೊರಟುಬಿಡುವ ಮುನ್ನ ಪೆಟ್ರೋಲ್ ಹಾಕುತ್ತಿದ್ದ ಹುಡುಗನನ್ನು ಕೇಳಿದೆ. ‘ಸಂಜೆ ಮಳೆ ಬಂತಲ್ಲ ಸಾರ್, ಟ್ರಿಪ್ ಆಗಿರ್ಬೇಕು, ತಡೀರಿ’ ಎಂದವನು ಮೊಬೈಲ್ ಟಾರ್ಚ್ ಹಿಡಿದು ಹಿಂದಿನ ಶೆಡ್ಡಿಗೆ ಹೋಗಿ ಬಂದ. ಪರದೆ ಬೆಳಗಿತು, ಯಂತ್ರ ಮತ್ತೆ ನೆಟ್‌ವರ್ಕ್ ಹಿಡಿಯಲು ನಾಲ್ಕು ನಿಮಿಷ ಬೇಕಾಯಿತು, ಆಮೇಲೆ ಸಲೀಸಾಗಿ ಚಾರ್ಜ್ ಆಯಿತು. ಆ್ಯಪಿನಲ್ಲಿ ಮಾತ್ರ ಆ ಜಾಗ ಇಡೀ ಸಂಜೆ ‘ಆಫ್‌ಲೈನ್’ ಎಂದೇ ಇತ್ತು. ಅಂದಿನಿಂದ ಆಫ್‌ಲೈನ್ ಎಂದಿರುವ ಜಾಗಕ್ಕೂ ಒಂದು ಫೋನ್ ಮಾಡಿಯೇ ಬಿಡುವುದು ನನ್ನ ರೂಢಿ. ಆದರೆ ಟ್ರಿಪ್ ಆದ ಸ್ವಿಚ್ಚನ್ನು ನೀವೇ ಎತ್ತಲು ಹೋಗಬೇಡಿ. ಯಾಕೆ ಬಿದ್ದಿದೆ ಎಂದು ತಿಳಿದು ಎತ್ತುವುದು ಅಲ್ಲಿನವರ ಹೊಣೆ.

ಪರದೆ ಉರಿಯುತ್ತಿದ್ದೂ ಚಾರ್ಜ್ ಶುರುವಾಗದಿದ್ದರೆ ಯಂತ್ರದ ಮೈಮೇಲಿನ ಅಣಬೆಯಾಕಾರದ ಕೆಂಪು ಗುಂಡಿಯನ್ನು ನೋಡಿ. ಅದು ತುರ್ತು ನಿಲುಗಡೆಯ ಗುಂಡಿ. ಮಕ್ಕಳು ಆಟಕ್ಕೆ ಒತ್ತಿ ಹೋಗಿರುತ್ತಾರೆ. ಅದು ಒಳಗೆ ಕೂತಿದ್ದರೆ ಅಲ್ಲಿನವರಿಗೆ ತಿಳಿಸಿ, ಯಾವ ಅಪಾಯವೂ ಇಲ್ಲವೆಂದು ಖಚಿತವಾದ ಮೇಲೆ ಬಾಣದ ಗುರುತಿನತ್ತ ತಿರುಗಿಸಿದರೆ ಹೊರಬರುತ್ತದೆ. ಅದಾದ ಮೇಲೂ ಆಗದಿದ್ದರೆ ಗನ್ನು ತೆಗೆದು, ಕಾರನ್ನು ಲಾಕ್ ಮಾಡಿ ಎರಡು ನಿಮಿಷ ಬಿಟ್ಟು, ಇನ್ನೊಂದು ಗನ್ನಿನಲ್ಲಿ ಪ್ರಯತ್ನಿಸಿ. ಮೂರನೇ ಸಲಕ್ಕೂ ಆಗದಿದ್ದರೆ ಅಲ್ಲಿ ಬ್ಯಾಟರಿ ಕರಗಿಸದೆ ಮುಂದಿನ ಜಾಗಕ್ಕೆ ಹೊರಡಿ. ಹಣ ಕಡಿತವಾಗಿ ಚಾರ್ಜ್ ಆಗದಿದ್ದರೆ ಪರದೆಯ ಫೋಟೊ, ವ್ಯವಹಾರದ ಸಂಖ್ಯೆ, ಹೊತ್ತು ಮೂರನ್ನೂ ಇಟ್ಟುಕೊಂಡು ಆ್ಯಪಿನಲ್ಲೇ ದೂರು ಕೊಡಿ. ಆ ಭಾಗದಲ್ಲಿ ಕರೆಂಟೇ ಇಲ್ಲದಿದ್ದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ, ಎಷ್ಟು ಹೊತ್ತಿಗೆ ಬರಬಹುದೆಂದು ಕೇಳಿದ ಮೇಲೆ ಕಾಯುವುದೋ ಬಿಡುವುದೋ ತೀರ್ಮಾನಿಸಿ.

ಹೆದ್ದಾರಿ ಬಿಟ್ಟ ದಾರಿಗಳು

ಬೆಂಗಳೂರಿಗೆ 70 ಕಿ.ಮೀ.; ಮುಕ್ಕಾಲು ಚಾರ್ಜ್ ಇದ್ದರೆ ಯಾವ ಚಿಂತೆಯೂ ಇಲ್ಲ, ಗಂಟೆಗೆ 100ರ ವೇಗ 80ರ ವೇಗಕ್ಕಿಂತ ಬೇಗ ಬ್ಯಾಟರಿ ತಿನ್ನುತ್ತದೆ ಎಂಬುದನ್ನಷ್ಟೇ ನೆನಪಿಡಿ. ದೇವರಾಯನದುರ್ಗಕ್ಕೆ ಹೋಗುವಾಗ ಏರಿನಲ್ಲಿ ಇಳಿಯುವ ಪ್ರತಿಶತವನ್ನು ನೋಡಿ ಗಾಬರಿಯಾಗಬೇಡಿ, ಇಳಿಜಾರಿನಲ್ಲಿ ರೀಜನ್ (ವೇಗ ತಗ್ಗಿಸುವಾಗಿನ ಶಕ್ತಿಯನ್ನು ಬ್ಯಾಟರಿಗೆ ತಿರುಗಿಸುವ ವ್ಯವಸ್ಥೆ) ಒಂದಷ್ಟನ್ನು ಮರಳಿಸುತ್ತದೆ.

ಮಧುಗಿರಿ, ಪಾವಗಡದ ಕಡೆಗೆ ಹೊರಡುವಾಗ ಮಾತ್ರ ಲೆಕ್ಕ ಬೇರೆ. ಪಾವಗಡ ಸುಮಾರು 100 ಕಿ.ಮೀ., ಹೋಗಿ ಬಂದರೆ 200. ಅಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ, ಫಲಕಗಳ ನಡುವೆಯೇ ಮೈಲಿಗಟ್ಟಲೆ ಸಾಗಬಹುದು. ಆ ಕರೆಂಟು ಗ್ರಿಡ್ಡಿಗೆ ಹೋಗುತ್ತದೆಯೇ ಹೊರತು ದಾರಿಬದಿಯಲ್ಲಿ ನಿಮ್ಮ ಕಾರಿಗೆ ಇಳಿಯುವುದಿಲ್ಲ. ಈ ದಾರಿಯಲ್ಲಿ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಪೂರ್ತಿ ತುಂಬಿಸಿಕೊಳ್ಳಿ, ಕಂಪನಿ ಹೇಳುವ ರೇಂಜಿನ ಮುಕ್ಕಾಲು ಪಾಲನ್ನಷ್ಟೇ ನಂಬಿ. ಉಳಿದುಕೊಳ್ಳುವ ಲಾಡ್ಜಿಗೋ ನೆಂಟರಿಗೋ ಮೊದಲೇ ಫೋನ್ ಮಾಡಿ, ಗಾಡಿ ನಿಲ್ಲಿಸುವ ಜಾಗದ ಹತ್ತಿರ 15 ಆಂಪ್ ಪಾಯಿಂಟ್ ಇದೆಯೇ, ಅದು ಬೋರ್‌ವೆಲ್ ಮೋಟಾರಿನ ಲೈನಿನದೋ ಮನೆಯ ಲೈನಿನದೋ ಎಂದು ಕೇಳಿಕೊಳ್ಳಿ. ತ್ರೀ ಫೇಸ್ ಪಂಪ್‌ಸೆಟ್ ಲೈನಿಗೆ ಕರೆಂಟು ಬರುವುದು ಸರದಿಯಲ್ಲಿ. ರಾತ್ರಿಯಿಡೀ ಹಚ್ಚಿಟ್ಟು ಬೆಳಿಗ್ಗೆ ನೋಡಿದರೆ ಹತ್ತು ಪ್ರತಿಶತವೂ ಏರಿರದಿರಬಹುದು.